ಕೋಟೆ ಸುತ್ತಿ ಹೆಣ್ಣು ನೋಡಿದ್ದು

ಹುಡುಗನ ತಾಯಿ ಕೋಟೆಯ ಮೆಟ್ಟಿಲಲ್ಲಿ ಜಾರಬಹುದಿತ್ತು. ಬಿಸಿಲಿಗೆ ನನ್ನ ಹೆಂಡತಿಗೆ ತಲೆ ಸುತ್ತಬಹುದಿತ್ತು. ದೇವಸ್ಥಾನದ ಮುಂದಿನ ಕೋತಿ ಯಾರದಾದರೂ ಕನ್ನಡಕ ಕಿತ್ತುಕೊಳ್ಳಬಹುದಿತ್ತು. ಸುಲ್ತಾನ ಒಳ್ಳೆಯವನೋ ಕೆಟ್ಟವನೋ ಎಂಬ ವಾದ ಎದ್ದು ಎರಡೂ ಕಡೆಯವರು ಬೇರೆ ಬೇರೆ ಬಸ್ಸು ಹತ್ತಬಹುದಿತ್ತು. ಕಾವೇರಿಯಲ್ಲಿ ಮೊಸಳೆ ಇದೆಯೆಂದು ಎಲ್ಲೋ ಓದಿದ್ದೆ; ಅದಕ್ಕೂ ಆ ಭಾನುವಾರವೇ ಹಸಿವಾಗಬಹುದಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಸೇಫ್ಟಿ ಆಫೀಸರ್. ಆಗಬಾರದ್ದನ್ನೆಲ್ಲ ಮೊದಲೇ ಊಹಿಸುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದೆ.

ಹೆಣ್ಣು ನೋಡುವ ಶಾಸ್ತ್ರವನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದವಳು ನನ್ನ ಮಗಳು. "ಕೇಸರಿಬಾತ್ ತಟ್ಟೆ ಹಿಡ್ಕೊಂಡು ಇನ್ನು ಯಾರ ಮುಂದೂ ಬರಲ್ಲಪ್ಪ. ಕೋಟೆ ಸುತ್ತೋಣ, ನಡ್ಕೊಂಡೇ. ಬಿಸಿಲಲ್ಲಿ ನಡೆದ್ರೆ ಮನುಷ್ಯ ಎಂಥವನು ಅಂತ ಗೊತ್ತಾಗುತ್ತೆ. ಸುತ್ತಿ ಮುಗಿಯೋವರೆಗೂ ನನ್ನ ಏನೂ ಕೇಳ್ಬೇಡಿ." ಹಿಂದೆ ಬಂದ ಗಂಡುಗಳನ್ನೆಲ್ಲ ತಿಂಡಿ ಆರುವ ಮೊದಲೇ ಬೇಡವೆಂದಿದ್ದವಳು, ಈ ಹುಡುಗನ ಫೋಟೋವನ್ನು ಮಾತ್ರ ಮತ್ತೊಮ್ಮೆ ಕೇಳಿ ನೋಡಿದ್ದಳು. ಇವನು ಕೈತಪ್ಪಬಾರದೆಂದು ನಾವು ಒಪ್ಪಿದೆವು. ಅತ್ತಿಬೆಲೆಯ ಹಳೇ ಮನೆತನ. ಹುಡುಗ ಅಲ್ಲೇ ಬಣ್ಣದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ.

ನಾನು ಊಹಿಸದೆ ಬಿಟ್ಟದ್ದು ಹುಡುಗನ ತಂದೆಯ ಮಂಡಿ. ಬಸ್ ಸ್ಟ್ಯಾಂಡಿನಿಂದ ಬಂದೀಖಾನೆ ತಲುಪುವಷ್ಟರಲ್ಲಿ ಅದು ಮುಷ್ಕರ ಹೂಡಿತು.

"ಸ್ವಾಮಿ, ಎಣ್ಣು ನೋಡಕ್ಕೆ ಕರೆದ್ರೋ, ದಂಡಿಗೆ ಸೇರ್ಸಕ್ಕೋ? ನಾನು ವಾಪಸ್ ಓಯ್ತೀನಿ" ಎಂದರು.

"ಅವ್ರು ಒಂಟರೆ ನಾವೂ ಒಲ್ಡಬೇಕಾಯ್ತದೆ" ಎಂದರು ಹುಡುಗನ ತಾಯಿ.

ಮಗಳೂ ಹುಡುಗನೂ ಮುಂದೆ ನಡೆಯುತ್ತಿದ್ದರು. ಆಗಿನ್ನೂ ಅವಳು ಅವನ ಊಟ, ನಿದ್ದೆಯ ವಿಚಾರಣೆ ನಡೆಸಿದ್ದಳು ಅಷ್ಟೆ. ಬ್ಯಾಗಿಗೆ ಕೈ ಹಾಕಿದೆ. ಒಪ್ಪಿಗೆಯಾದ ಮೇಲೆ ಎಲ್ಲರ ಬಾಯಿ ಸಿಹಿ ಮಾಡಲೆಂದು ಹೆಂಡತಿ ಇಟ್ಟಿದ್ದ ಮೈಸೂರ್‌ಪಾಕಿನ ಡಬ್ಬಿ ಸಿಕ್ಕಿತು. ಒಂದು ತುಂಡು ಕೊಟ್ಟೆ. ಮಂಡಿ ಕದಲಿತು.

ಬಂದೀಖಾನೆಯೊಳಗೆ ಅವರು ಕಮಾನುಗಳನ್ನು ನೋಡಿ, "ಗಾಳಿ ಚೆನ್ನಾಗೈತೆ. ನಾವು ಬಾಡಿಗೆಗೆ ಕೊಟ್ಟಿರೋ ರೂಮ್‌ಗಳಿಗಿಂತ ವಾಸಿ" ಎಂದರು. ಗುಲ್ಬರ್ಗ, ರಾಯಚೂರಿನಿಂದ ಬಂದ ಕೆಲಸಗಾರರು ಅವರ ಬಾಡಿಗೆದಾರರು. ಆ ಮಾತು ಇನ್ನಷ್ಟು ಬೆಳೆಯದಿರಲೆಂದು ಮತ್ತೊಂದು ತುಂಡು ಕೊಟ್ಟೆ. ಸುಲ್ತಾನ ಬಿದ್ದ ಜಾಗದ ಕಲ್ಲಿನೆದುರು, "ಇವ್ನೂ ಪಾಪ ನಡೆದೂ ನಡೆದೂ ಬಿದ್ದವ್ನೆ" ಎಂದು ಕೂತೇಬಿಟ್ಟರು. ಎಬ್ಬಿಸಲು ಎರಡು ಬೇಕಾಯಿತು.

ಹೆಂಡತಿ ಪಕ್ಕಕ್ಕೆ ಬಂದಳು. "ಏನ್ರೀ ಅದು, ಆಗ್ಲಿಂದ ಅವರಿಗೆ ತಿನ್ನಿಸ್ತಾನೇ ಇದ್ದೀರಿ?"

"ಸಂಬಂಧ ಉಳಿಸ್ತಾ ಇದೀನಿ ಕಣೇ, ಸುಮ್ನಿರು."

ಹೀಗೆ ಇತಿಹಾಸ ನೋಡುತ್ತಾ, ತಿನ್ನಿಸುತ್ತಾ ಹೊಳೆಯ ಮೆಟ್ಟಿಲು ತಲುಪಿದೆವು. ಹುಡುಗ ಪ್ಯಾಂಟು ಮಡಚಿ ನೀರಿಗೆ ಕಾಲು ಬಿಟ್ಟು ಕೂತಿದ್ದ. ತಂದೆಯನ್ನು ನೋಡಿದವನೇ ಎದ್ದು ಬಂದು, ಕೈ ಹಿಡಿದು ಇಳಿಸಿಕೊಂಡು, ಅವರ ಮಂಡಿಗೆ ತಣ್ಣೀರು ಹಾಕತೊಡಗಿದ. ಮಗಳು ಅದನ್ನು ನೋಡುತ್ತ ನಿಂತಿದ್ದಳು.

"ಅಪ್ಪ, ಸುತ್ತಿದ್ದಾಯ್ತು. ಈಗ ಕೇಳಿ" ಎಂದಳು.

ನನಗಿಂತ ಮೊದಲು ಹುಡುಗನ ತಾಯಿಯೇ ಕೇಳಿದರು. "ಏನವ್ವ, ಎಂಗವ್ನೆ ನನ್ ಮಗ?"

"ಇವರಪ್ಪ ದಾರಿಯುದ್ದಕ್ಕೂ ಗೊಣಗಿದ್ರು. ಇವ್ರು ಒಂದ್ಸಲಾನೂ ರೇಗಲಿಲ್ಲ. ನಂಗೆ ಒಪ್ಪಿಗೆ."

"ನಂಗೂ" ಎಂದ ಹುಡುಗ, ಕೈಯಿಂದ ನೀರು ಸೋರುತ್ತಿದ್ದಂತೆ.

ಜಾರಿದವರಿಲ್ಲ, ಜಗಳವಿಲ್ಲ, ಮೊಸಳೆಯಿಲ್ಲ. ಹೆಂಡತಿ ಸಂಭ್ರಮದಿಂದ ಡಬ್ಬಿ ತೆಗೆದಳು. ಒಳಗೆ ತುಪ್ಪ ಹೀರಿದ ಕಾಗದವೊಂದೇ ಇತ್ತು. ಅವಳು ನನ್ನನ್ನು ನೋಡಿದಳು. ನಾನು ಹುಡುಗನ ತಂದೆಯನ್ನು ನೋಡಿದೆ. ಅವರು ಹೊಳೆಯನ್ನು ನೋಡಿದರು.

ಹುಡುಗನ ತಾಯಿ ಡಬ್ಬಿ ಇಸಿದುಕೊಂಡು, ಮೂಲೆಯ ಪುಡಿಯನ್ನು ಬೆರಳ ತುದಿಗೆ ಒತ್ತಿಕೊಂಡು, ಮೊದಲು ನನ್ನ ಮಗಳ ಬಾಯಿಗೆ ಇಟ್ಟರು, ಆಮೇಲೆ ತಮ್ಮ ಮಗನ ಬಾಯಿಗೆ.

"ಮದ್ವೇಲಿ ಉಗ್ರಾಣ ನಾನು ನೋಡ್ಕತೀನಿ ಬೀಗ್ರೆ" ಎಂದರು ನನಗೆ. "ನೀವು ಆ ಕಡೀಕೆ ಬರಬ್ಯಾಡಿ."