ಗೋಂದಣ್ಣ ಕತ್ತರಿಸಿದ ಅಂಚುಗಳು

ನಮ್ಮ ಮನೆಯವರ ಬೆರಳುಗಳಲ್ಲಿ ಗೆರೆ ಇರಲಿಲ್ಲ. ನಲವತ್ತು ವರ್ಷದ ಅಂಟು ತಿಂದುಹಾಕಿತ್ತು. ಜನ ಅವರನ್ನು ಗೋಂದಣ್ಣ ಅಂತಲೇ ಕರೆಯುತ್ತಿದ್ದರು. ಪುಸ್ತಕಕ್ಕೆ ರಟ್ಟು ಹಾಕುವುದು ಅವರ ಕೆಲಸ. ಬೀದಿಗೆ ಬಾಗಿಲಿದ್ದ ಕೋಣೆ ಅಂಗಡಿ, ಹಿಂದಿನದು ಮನೆ. ಅವರು ಕತ್ತರಿಸುತ್ತಿದ್ದರು, ಅಂಟಿಸುತ್ತಿದ್ದರು. ನಾನು ಹೊಲಿಯುತ್ತಿದ್ದೆ. ಹದಿನಾರು ಪುಟದ ಮಡಿಕೆಗೆ ಫಾರಂ ಅನ್ನುತ್ತೇವೆ. ಒಂದೊಂದು ಫಾರಮಿಗೂ ಸೂಜಿ ಹಾಕಿ ದಾರ ಎಳೆಯುವುದು ನನ್ನ ಪಾಲು. ನಾನು ಓದಿದ್ದು ಮೂರನೇ ತರಗತಿ. ಹೊಲಿಯಲು ಅಷ್ಟು ಸಾಕು.

ಅವರೂ ಪುಸ್ತಕ ಓದುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಪೆಟ್ಟಿಗೆ ಮಾಡೋ ಬಡಗಿ ಒಳಗೇನಿಟ್ಟಿದ್ದಾರೆ ಅಂತ ನೋಡ್ತಾನೇನ್ರೀ?” ಅನ್ನುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಸೊಕ್ಕು. ಅಂಚು. ಹೊಲಿದ ಪುಸ್ತಕವನ್ನು ಕಟಿಂಗ್ ಮಷೀನಿಗೆ ಕೊಟ್ಟು ಮೂರು ಕಡೆ ಕತ್ತರಿಸಿದರೆ ಅಂಚು ಗಾಜಿನ ಹಾಗಿರಬೇಕು. ಕೊಳೆ, ಮಡಚಿದ ಮೂಲೆ, ಹರಿದದ್ದು, ಎಲ್ಲ ಹೋಗಬೇಕು. ಕತ್ತರಿಸಿದ ಮೇಲೆ ಹೆಬ್ಬೆರಳಿನಿಂದ ಸವರಿ, “ನೋಡೇ, ಬೆಣ್ಣೆ” ಅನ್ನುತ್ತಿದ್ದರು. ಆ ಸೊಕ್ಕೇ ಅವರನ್ನು ತಿಂದಿತು.

ಮೇಲಿನ ಬೀದಿಯ ಮೇಷ್ಟ್ರು ಮೂರು ಪುಸ್ತಕ ತಂದರು. ಒಂದು ನಮ್ಮ ಸೀಮೆಯ ಹಳೆಯ ಕಾಲದ ಚರಿತ್ರೆ. ಒಂದು ಇಲ್ಲಿಯ ಜನರ ಹಾಡು, ಕಥೆ, ನಡೆನುಡಿಯದ್ದು. ಇನ್ನೊಂದು ಇಲ್ಲೇ ನಡೆಯುವ ಕಾದಂಬರಿ. ಮೂರೂ ಬಿಚ್ಚಿಹೋಗಿದ್ದವು.

“ಮೂರನ್ನೂ ಸೇರಿಸಿ ಒಂದೇ ಮಾಡಯ್ಯ. ಒಂದೇ ಊರಿನವು, ಒಂದೇ ಮನೇಲಿರ್ಲಿ” ಅಂದರು.

ನಾನು ಹೊಲಿದೆ. ಪುಟದ ಬದಿಯಲ್ಲಿ ಸಣ್ಣಗೆ ಪೆನ್ಸಿಲಿನಲ್ಲಿ ಏನೇನೋ ಇತ್ತು. ನೋಡಿದೆ. ಮಕ್ಕಳು ಗೀಚಿದ್ದು ಅಂದುಕೊಂಡೆ, ಬಾಯಿ ಬಿಡಲಿಲ್ಲ. ನಮ್ಮವರು ಕನ್ನಡಕ ಹಾಕಿರಲಿಲ್ಲ. ಮಷೀನಿನ ಚಕ್ರ ತಿರುಗಿಸಿದರು. ಒಂದು ಬೆರಳಗಲ ಹೋಯಿತು.

ಮೇಷ್ಟ್ರು ಬಂದು ಪುಸ್ತಕ ತೆರೆದರು. ಹತ್ತು ಪುಟ ತಿರುವಿದರು. ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಕೂದಲು ಕತ್ತರಿಸಯ್ಯ ಅಂದ್ರೆ ಕಿವೀನೇ ಕತ್ತರಿಸಿದ್ಯಲ್ಲಯ್ಯ.”

ಆಮೇಲೆ ಗೊತ್ತಾಯಿತು. ಮೂವತ್ತು ವರ್ಷ ಅವರು ಮನೆಮನೆಗೆ ಹೋಗಿ ಮುದುಕ ಮುದುಕಿಯರನ್ನು ಕೇಳಿದ್ದರು. ಪುಸ್ತಕದಲ್ಲಿ ತಪ್ಪಾಗಿದ್ದದ್ದು, ಬಿಟ್ಟುಹೋದದ್ದು, ಎಲ್ಲವನ್ನೂ ಬದಿಯಲ್ಲಿ ಬರೆದಿದ್ದರು. ಬೇರೆಲ್ಲೂ ಬರೆದಿರಲಿಲ್ಲ. ಹೇಳಿದವರು ಯಾರೂ ಈಗ ಇಲ್ಲ.

“ಮೇಷ್ಟ್ರೇ, ತಪ್ಪು ನಂದು. ನಾನೊಬ್ನೇ ನೋಡ್ದೆ ಕತ್ತರಿಸ್ದೆ” ಅಂದರು ನಮ್ಮವರು. ಆಗಲೂ ನಾನು ಬಾಯಿ ಬಿಡಲಿಲ್ಲ.

“ಇರ್ಲಿ ಬಿಡು. ಇದು ನಿನ್ನ ಹತ್ರಾನೇ ಇರ್ಲಿ” ಎಂದು ಪುಸ್ತಕ ಬಿಟ್ಟು ಹೋದರು. ಬೈದಿದ್ದರೆ ನಮ್ಮವರು ಉಳಿಯುತ್ತಿದ್ದರೋ ಏನೋ.

ರದ್ದಿಯವನು ಆ ವಾರ ಬಂದಿರಲಿಲ್ಲ. ಅದೊಂದು ಪುಣ್ಯ. ಕತ್ತರಿಸಿದ ಚೂರುಗಳೆಲ್ಲ ಗೋಣಿಚೀಲದಲ್ಲಿದ್ದವು. ಬೇರೆ ಪುಸ್ತಕಗಳ ಚೂರಿನ ಜೊತೆ ಕಲಸಿಹೋಗಿದ್ದವು. ನೆಲಕ್ಕೆ ಸುರಿದೆವು. ಹಳದಿಯಾದದ್ದನ್ನು ಬೇರೆ ಮಾಡಿದೆವು. ನಾನು ಹಾಕಿದ ಹೊಲಿಗೆ ನಾನೇ ಬಿಚ್ಚಿದೆ. ಒಂದೊಂದು ಹಾಳೆಗೂ ಅದರ ಚೂರು ಹುಡುಕಿ, ಬೆಳಕು ಹಾಯುವಂಥ ತೆಳು ಕಾಗದ ಹಿಂದೆ ಕೊಟ್ಟು ಅಂಟಿಸಬೇಕು. ಕಲ್ಲು ಹೇರಿ ಒಣಗಿಸಬೇಕು. ದಿನಕ್ಕೆ ಒಂದೆರಡು ಹಾಳೆ ಆದರೆ ಹೆಚ್ಚು.

ಅವರಿಗೆ ಮೊದಲೇ ಕೆಮ್ಮು. ಕಾಗದದ ದೂಳು. ಕೆಮ್ಮು ಬಂದರೆ ಚೂರು ಹಾರುತ್ತದೆ ಎಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದರು. ಹೊಸ ಕೆಲಸ ಒಪ್ಪಿಕೊಳ್ಳಲಿಲ್ಲ.

“ರೀ, ಮೇಷ್ಟ್ರೇ ಬಿಡು ಅಂದಿದ್ದಾರೆ. ನೀವ್ಯಾಕೆ ಸಾಯ್ತೀರಿ?”

“ಅವರು ಬಿಡು ಅಂದ್ರು ಕಣೇ. ನನ್ನ ಕೈ ಬಿಡು ಅಂತಿಲ್ಲ. ಅವರಿರೋದ್ರೊಳಗೆ ಅವರ ಕೈಗೆ ಕೊಡ್ಬೇಕು.”

ಎಂಟು ತಿಂಗಳಿಗೆ ಅರ್ಧ ಆಯಿತು. ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆಯಲ್ಲಿ ಕೊನೆಗೆ ಕೇಳಿದ್ದು, “ಎಷ್ಟನೇ ಪುಟ?” ನನ್ನ ಬಗ್ಗೆ ಏನೂ ಕೇಳಲಿಲ್ಲ. ಎರಡನೇ ಪುಸ್ತಕದ ಇನ್ನೂರ ಆರು ಅಂದೆ. ತಲೆಯಾಡಿಸಿದರು. ಬೆಳಿಗ್ಗೆ ಹೋದರು. ನನಗೆ ಇನ್ನೂ ಮುನಿಸಿದೆ. ಸತ್ತವರ ಮೇಲಿನ ಮುನಿಸು ಎಲ್ಲಿ ಇಳಿಸುವುದು?

ನಾದಿನಿ ಬಂದು ಹದಿನೈದು ದಿನ ಇದ್ದಳು. “ಅತ್ತಿಗೆ, ಕಸ ಅಂಟಿಸ್ಕೊಂಡು ಕೂತ್ರೆ ಹೋದೋನು ಎದ್ದು ಬರ್ತಾನಾ? ಚೀಲ ಒಲೆಗೆ ಹಾಕು.”

“ನಿಮ್ಮಣ್ಣನ್ನೂ ಬೆಂಕಿಗೆ ಹಾಕಿದ್ದಾಯ್ತಲ್ಲ. ಇದೊಂದು ಇರ್ಲಿ” ಅಂದೆ. ಮರುದಿನ ಅವಳೂ ಚೂರು ಆರಿಸಲು ಪಕ್ಕದಲ್ಲಿ ಕೂತಳು.

ನನಗೆ ಬೇಗ ಓದಲು ಬರುವುದಿಲ್ಲ. ಬಟ್ಟೆಗೆ ತೇಪೆ ಹೊಂದಿಸುವ ಹಾಗೆ ಅರ್ಧ ಅಕ್ಷರಕ್ಕೆ ಅರ್ಧ ಅಕ್ಷರ ಇಟ್ಟು ನೋಡುತ್ತಿದ್ದೆ. ಕೂಡಿದರೆ ಅಂಟಿಸಿ, ಆಮೇಲೆ ಕೂಡಿಸಿ ಓದುತ್ತಿದ್ದೆ. ಪ್ರವಾಹದಲ್ಲಿ ಹನ್ನೆರಡು ಜನ ಸತ್ತರು ಎಂದು ಪುಸ್ತಕದಲ್ಲಿತ್ತು. ಬದಿಯಲ್ಲಿ, “ಹನ್ನೆರಡಲ್ಲ, ಇಪ್ಪತ್ತೊಂದು. ದೋಣಿಯವನ ಹೆಂಡತಿ ಬೆರಳು ಮಡಚಿ ಹೇಳಿದಳು.” ಕಾದಂಬರಿಯಲ್ಲಿ ಗಂಡ ಸತ್ತ ಒಬ್ಬಳು ಹೊಳೆಗೆ ಬೀಳುತ್ತಾಳೆ. ಬದಿಯಲ್ಲಿ, “ಸುಳ್ಳು. ಆಕೆ ಅಂಗಡಿ ಇಟ್ಟು ಎಂಬತ್ತು ವರ್ಷ ಬದುಕಿದಳು. ಬಲು ಬಾಯಿ.” ಅದನ್ನು ಓದಿದ ದಿನ ಎರಡು ಸಲ ಉಂಡೆ.

ಇನ್ನೂ ಏಳು ತಿಂಗಳು ಹಿಡಿಯಿತು. ಹದಿನೇಳು ಚೂರು ಸಿಗಲೇ ಇಲ್ಲ. ಅಲ್ಲಿ ಬರೀ ಬಿಳಿ ಕಾಗದ ಅಂಟಿಸಿ ಹೊಲಿದೆ. ಅಂಚು ಕತ್ತರಿಸಲಿಲ್ಲ. ನಾಯಿ ಕಡಿದ ಹಾಗೆ ಕಾಣುತ್ತಿತ್ತು.

ಮೇಷ್ಟ್ರ ಮನೆಗೆ ಹೊತ್ತುಕೊಂಡು ಹೋದೆ. ಮಗಳು ಬಾಗಿಲು ತೆಗೆದು, “ಅಪ್ಪಂಗೆ ಕಣ್ಣು ಪೂರ್ತಿ ಹೋಗಿದೆ ಅಕ್ಕ” ಅಂದಳು. ಇವರು ಓದಲಿ ಎಂದೇ ನಮ್ಮವರು ಸತ್ತಿದ್ದರು.

ಮೇಷ್ಟ್ರು ಅಂಚು ಸವರಿದರು. ಬಹಳ ಹೊತ್ತು ಸವರಿದರು. “ಗೋಂದಣ್ಣ ಎಲ್ಲಮ್ಮಾ?” ಹೇಳಿದೆ. ಕಣ್ಣು ಹೋದಮೇಲೆ ಹೊರಗೆ ಬರದ ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ಮಗಳು ಓದುತ್ತಾ ಹೋದಳು, ಅವರು ಹೂಂ ಅನ್ನುತ್ತಾ ಹೋದರು. ಮೊದಲ ಬಿಳಿ ಜಾಗ ಬಂತು.

“ಇಲ್ಲೇನಿತ್ತಪ್ಪ?”

ಯೋಚಿಸಿದರು. “ಗೊತ್ತಿಲ್ಲಮ್ಮ. ಹೋಯ್ತು.”

ಹದಿನೇಳಕ್ಕೆ ನಾಲ್ಕು ನೆನಪಾದವು. ಮಗಳು ಬರೆದುಕೊಂಡಳು. ಹದಿಮೂರು ಹೋದವು.

“ಮೇಷ್ಟ್ರೇ, ತಪ್ಪು ಅವರೊಬ್ರದೇ ಅಲ್ಲ. ಹೊಲಿಯೋವಾಗ ನಾನು ನೋಡಿದ್ದೆ. ಹೇಳ್ಲಿಲ್ಲ” ಅಂದೆ. ನಮ್ಮವರ ಎದುರಿಗೂ ಇದನ್ನು ಹೇಳಿರಲಿಲ್ಲ.

ಮೇಷ್ಟ್ರು ಮಗಳ ಕಡೆ ಕೈ ಚಾಚಿ ಪೆನ್ಸಿಲ್ ಇಸಿದುಕೊಂಡು ನನಗೆ ಕೊಟ್ಟರು. “ಖಾಲಿ ಬಿಟ್ರೆ ಮುಂದೆ ಓದೋರು ಏನೂ ಇರ್ಲಿಲ್ಲ ಅಂದ್ಕೋತಾರೆ. ಬರಿ ತಾಯಿ. ನೀನು ಬಲ್ಲದ್ದು ಬರಿ.”

ಹದಿಮೂರು ಸಲ ಬರೆದೆ. ಅಕ್ಷರ ದೊಡ್ಡದು, ಬದಿಯಲ್ಲಿ ಹಿಡಿಸಲಿಲ್ಲ, ಸಾಲು ಕೆಳಗಿಳಿಯಿತು. “ಇಲ್ಲಿ ಇದ್ದದ್ದನ್ನು ಗೋಂದಣ್ಣ ಮತ್ತು ಅವರ ಹೆಂಡತಿ ಕತ್ತರಿಸಿದರು. ಬೇಕೆಂದು ಅಲ್ಲ.”