ದಾಸೋಹದ ಕಣ್ಣಿಗೆ ಬಂದ ಬಿಲ್

ಸಾವಿನ ಮನೆಯ ಭಜನೆಯ ತಾಳದ ಸದ್ದು ಓಣಿಯ ತುದಿಗೇ ಕೇಳಿಸಿತು. ಹುನಗುಂದದ ರಾಚಯ್ಯನವರು ನಡಿಗೆ ಬಿರುಸು ಮಾಡಿದರು. ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುವ ಕ್ರಿಯೆಗೆ ಊರವರು ಕರೆಯುವುದು ಈ ಜಂಗಮರನ್ನೇ. ವಿಭೂತಿ ಹಚ್ಚುವ ಮೊದಲು ಅವರು ಮನೆಯವರಲ್ಲಿ ಒಂದನ್ನು ಬೇಡುತ್ತಿದ್ದರು: ಸತ್ತವರ ಕಣ್ಣು. "ಇದಕ ಬೆಲೆ ಇಲ್ಲ, ಇದು ದಾಸೋಹ" ಎನ್ನುತ್ತಿದ್ದರು. ಆ ಮಾತಿಗೆ ಎಷ್ಟೋ ಮನೆಗಳು ಒಪ್ಪಿದ್ದವು.

ಹೋದ ವರ್ಷ ಇಳಕಲ್ಲಿನ ನೇಕಾರ ಹುಚ್ಚೇಶ ಆಸ್ಪತ್ರೆಯ ಬಿಲ್ ಹಿಡಿದು ಅವರ ಕಟ್ಟೆಗೆ ಬಂದ. ದಾನಿಯ ಕಾರ್ನಿಯಾ ಕೂರಿಸಿದ ಅವನ ಕಣ್ಣು ಇನ್ನೂ ಕೆಂಪಗಿತ್ತು. ಆಪರೇಷನ್ನಿನ ಖರ್ಚನ್ನು ವಿಮೆ ಕೊಟ್ಟಿತ್ತು. ಕಾರ್ನಿಯಾದ ಖರ್ಚನ್ನು ಕೊಡಲಿಲ್ಲ. ಅದನ್ನು ತುಂಬಲು ಅವನು ಮಗ್ಗ ಮಾರಿದ್ದ.

"ಈಗ ಕಾಣಾಕತ್ತೈತ್ರಿ ಅಯ್ನಾರ. ನೇಯಾಕ ಮಗ್ಗ ಇಲ್ಲ. ನಿಮ್ಮ ದಾಸೋಹ ಭಾಳ ತುಟ್ಟಿ ಆತು."

ರಾಚಯ್ಯನವರು ಬಾಗಲಕೋಟೆಯ ನವನಗರಕ್ಕೆ ಬಸ್ಸು ಹತ್ತಿದರು. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮಹೇಶ್ವರಿ ಸಮಾಧಾನದಿಂದಲೇ ಹೇಳಿದಳು: "ಕಣ್ಣಿಗೆ ರೊಕ್ಕ ಇಲ್ರೀ ಅಜ್ಜಾರ. ತಪಾಸಣಿ ಮಾಡೂದು, ಕೆಡದಂಗ ಔಷಧದಾಗ ಇಡೂದು, ಇಲ್ಲಿತನಕ ತರೂದು, ಅದರ ಖರ್ಚು. ಯಾರರ ಕೊಡಬೇಕಲ್ರಿ?"

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಂದಿನಿಂದ ಕೇಳಿದವರಿಗೆಲ್ಲ ರಾಚಯ್ಯನವರು ಬಿಲ್ಲಿನ ವಿಷಯ ಬಿಡಿಸಿ ಹೇಳಿದರು. ಒಂದು ಮನೆಯೂ ಕಣ್ಣು ಕೊಡಲಿಲ್ಲ.

ಇಂದು ಸತ್ತವಳು ಶಿವಬಸವ್ವ. "ನನ್ನ ಕಣ್ಣು ಮಣ್ಣಾಗ ಹಾಕಬ್ಯಾಡ್ರಿ" ಎಂದು ಬದುಕಿದ್ದಾಗ ತಾನೇ ಬಂದು ಹೇಳಿದ್ದಳು. ಗೋಡೆಗೆ ಆನಿಸಿ ಕೂರಿಸಿದ್ದ ಅವಳ ರೆಪ್ಪೆಗಳ ಮೇಲೆ ರಾಚಯ್ಯನವರು ಒದ್ದೆ ಹತ್ತಿ ಇಟ್ಟರು. ತಡವಾದರೆ ಕಣ್ಣು ಕೆಡುತ್ತದೆ. ಆಸ್ಪತ್ರೆಯ ಗಾಡಿ ಕರೆಸಲು ಮಗ ಅಮರೇಶ ಹೂಂ ಅನ್ನಬೇಕಿತ್ತು.

"ರೊಕ್ಕ ತಗೋತಾರಂತಲ್ರಿ, ಖರೆ ಏನ್ರಿ?" ಅಮರೇಶ ಕೇಳಿದ.

"ಕಣ್ಣಿಗಲ್ಲಪ್ಪಾ, ಅದನ್ನ ಕಾಯ್ದಿಡೂ ಖರ್ಚಿಗೆ."

"ಒಟ್ಟ ತಗೋತಾರ."

"ತಗೋತಾರ."

ಕಂಬಕ್ಕೆ ಒರಗಿದ್ದ ಸೋದರಮಾವ ಮಲಕಪ್ಪ ನಕ್ಕ. "ಅಯ್ನಾರಿಗೂ ಒಂದ್ ಪಾಲು ಮುಟ್ಟತಿರಬೇಕು ಬಿಡಲೇ. ಇಲ್ಲಂದ್ರ ಸತ್ತವರ ಮನಿ ಮನಿ ತಿರಗಾಕ ಇವರಿಗೇನ್ ದರ್ದು?"

ತಾಳ ನಿಂತಿತು. ರಾಚಯ್ಯನವರು ಕೈಯಲ್ಲಿದ್ದ ವಿಭೂತಿಯ ಗಟ್ಟಿಯನ್ನು ಶಿವಬಸವ್ವನ ಮುಂದಿಟ್ಟು ಎದ್ದರು.

"ಏ ಮಾಮಾ, ಸುಮ್ಕಿರು!" ಅಮರೇಶ ಗದರಿದ. "ಅಯ್ನಾರ, ಕುಂದರ್ರಿ. ಅವ್ವ ನನಗೂ ಹೇಳಿದ್ಲ್ರಿ. ನಾ ಏನಂತೇನಂದ್ರ..."

ರಾಚಯ್ಯನವರು ಆಗಲೇ ಹೊಸ್ತಿಲು ದಾಟಿದ್ದರು. ಚಪ್ಪಲಿ ಮೆಟ್ಟಿ, ಆಸ್ಪತ್ರೆಯ ಗಾಡಿಗೂ ಹೇಳದೆ, ಹಿಂತಿರುಗಿ ನೋಡದೆ ಓಣಿಯುದ್ದಕ್ಕೂ ನಡೆದರು.