ತೆನೆಯ ಕೂದಲಿಗೆ ಹುಳ ಬಿದ್ದಾಗ

ಹುಳ ಜೋಳಕ್ಕೆ ಏನೂ ಮಾಡಲಿಲ್ಲ. ಅದು ಇದ್ದಷ್ಟು ದಿನ ನನಗೆ ಬೆಳಿಗ್ಗೆ ಫೋನ್ ಬರುತ್ತಿತ್ತು, ಅಷ್ಟೇ.

ಮುಂಬೈ ಹತ್ತಿರ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹಿಂದೆ, ಕಂಪೌಂಡ್ ಗೋಡೆಯ ಬದಿಗೆ ಮೆಕ್ಕೆಜೋಳ ಹಾಕಿದ್ದು ನಾನಲ್ಲ, ಎದುರು ಮನೆಯವಳು. ಹಾವೇರಿ ಕಡೆಯವಳು. ಸೊಂಟ ಮುರಿದುಕೊಂಡು, ಜೋಳವನ್ನು ನನಗೆ ಒಪ್ಪಿಸಿ ಐರೋಲಿಗೆ, ಮಗಳ ಫ್ಲ್ಯಾಟಿಗೆ ಹೋದಳು. ಊರಲ್ಲಿ ಈಗ ಎಲ್ಲರೂ ಪ್ಯಾಕೆಟ್ ಬೀಜವನ್ನೇ ಬಿತ್ತುತ್ತಾರಂತೆ. ಅವಳ ತವರಿನ ಜವಾರಿ ಬೀಜ ಉಳಿದಿರುವುದು ಈ ಗೋಡೆಯ ಬುಡದಲ್ಲಿ ಮಾತ್ರ. ಇಲ್ಲಿ ಕಾಳು ಕಟ್ಟದಿದ್ದರೆ ಅಲ್ಲಿಗೆ ಮುಗಿಯಿತು. ನಾನು ಉಡುಪಿಯವಳು, ಜೋಳದ ಬೆಳೆ ನನಗೇನು ಗೊತ್ತು?

ಅವಳು ಹೋದ ಮೇಲೆ ನನ್ನ ಕನ್ನಡಕ್ಕೆ ಕನ್ನಡದಲ್ಲಿ ಉತ್ತರ ಕೊಡುವವರಿಲ್ಲ. ಮೊಮ್ಮಕ್ಕಳು ಮೊಬೈಲಿನಿಂದ ತಲೆ ಎತ್ತದೆ ಹಿಂದಿಯಲ್ಲಿ ಏನೋ ಅನ್ನುತ್ತಾರೆ.

ತೆನೆಯ ತುದಿಯ ಕೂದಲನ್ನು ಹುಳ ತಿನ್ನುತ್ತಿದೆ ಎಂದು ನಾನು ಹೇಳಿದಂದಿನಿಂದ ಅವಳು ದಿನಾ ಬೆಳಿಗ್ಗೆ ಫೋನ್ ಮಾಡಿ ವಿಚಾರಿಸತೊಡಗಿದಳು.

“ಔಷಧ ಹೊಡೆಸುದಾ ಬೇಡ್ವಾ? ಅದೊಂದು ಹೇಳು ಮಾರಾಯ್ತಿ,” ಎಂದೆ.

“ತಡಿ ಅಕ್ಕಾ. ಮ್ಯಾಲಿನ ಹೂವಿನ ಪುಡಿ ಕೂದಲಕ್ಕ ಬೀಳೂಕಿಂತ ಮೊದ್ಲ ತಿಂದ್ರ ಕಾಳ ಕಟ್ಟಂಗಿಲ್ಲ. ಬಿದ್ದ ಮ್ಯಾಲ ತಿಂದ್ರ ತಿನ್ಲಿ, ಅವಕ್ಕೂ ಹೊಟ್ಟಿ ಐತಿ. ಒಂದ ತೆನಿ ಕಿತ್ತು, ಸಿಪ್ಪಿ ಬಿಚ್ಚಿ ಝಾಡಿಸಿ ನೋಡು. ಕೂದಲ ಉದುರಿದ್ರ ಕಾಳ ಹಿಡದಾವ. ಉದುರಲಿಲ್ಲಂದ್ರ ಹೊಡಸು.”

“ಒಂದು ತೆನೆ ಹಾಳಾಗ್ತದಲ್ಲ?”

“ಎಲ್ಲಾ ಹಾಳಾಗೂಕಿಂತ ಛಲೋ ಅಲ್ಲೇನ?”

ನಾಳೆ, ನಾಡಿದ್ದು ಎಂದು ತಳ್ಳಿದೆ. ಕಿತ್ತು ನೋಡಿದರೆ ಮಾತು ಮುಗಿಯುತ್ತದೆ ಎಂದು ಗೊತ್ತಿತ್ತು.

ಅಷ್ಟರಲ್ಲಿ ಬಿಲ್ಡಿಂಗಿನ ಸೊಸೈಟಿಯವರು ಕರೆಸಿದ, ಜಿರಳೆಗೆ ಔಷಧ ಹೊಡೆಯುವವನು ಬಂದ. ಪಂಪು ಎತ್ತಿಕೊಂಡು, “ಆಜೀ, ಮಕ್ಕೇ ಪೆ ಭೀ ಮಾರ್ ದೂಂ ಕ್ಯಾ?” ಎಂದು, ಅದಕ್ಕೂ ಹೊಡೆದುಬಿಡಲೇ ಎನ್ನುವಂತೆ ಜೋಳದ ಕಡೆ ಕೈ ತೋರಿಸಿದ.

“ರುಕೋ,” ಎಂದೆ. ಇನ್ನು ತಳ್ಳುವ ಹಾಗಿರಲಿಲ್ಲ. ತೆನೆ ಕಿತ್ತು, ಸಿಪ್ಪೆ ಸುಲಿದು ಕೊಡವಿದೆ. ಕೂದಲೆಲ್ಲ ಕಾಲಬುಡಕ್ಕೆ ಬಿತ್ತು, ಒಂದೆಳೆಯೂ ಅಂಟಿಕೊಂಡಿರಲಿಲ್ಲ. ಔಷಧ ಬೇಡವೆಂದು ಅವನನ್ನು ಕಳುಹಿಸಿ ಅವಳಿಗೆ ಫೋನ್ ಮಾಡಿದೆ.

“ಬೇಷಾತು! ಇನ್ನ ನೋಡೂದೇನೂ ಇಲ್ಲ. ತೆನಿ ಒಣಗಿದ ಮ್ಯಾಲ ಫೋನ್ ಹಚ್ಚು,” ಎಂದು ಇಟ್ಟಳು.

ಒಣಗಲು ತಿಂಗಳ ಮೇಲೆ ಬೇಕು.

ಮರುದಿನ ಬೆಳಿಗ್ಗೆ ಫೋನ್ ಬರಲಿಲ್ಲ. ಚಹಾ ಕುಡಿದು, ಲೋಕಲ್ ಹತ್ತಿ, ಥಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹಿಡಿದೆ. ಅವಳಿಗೆ ಹೇಳಿರಲಿಲ್ಲ.